ಓದದ ಕಾಗದಕ್ಕೆ ಒಂಬತ್ತು ಸಹಿ

ಮುಹೈಸ್ನಾ, ದುಬೈ
14 ಜೂನ್ 2024

ಕೂಡಿದ ಮಹಾಜನರೇ! ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆರನೇ ಮಾಳಿಗೆಯಲ್ಲಿ ಶುಕ್ರವಾರದ ಬಿರಿಯಾನಿ ಮುಗಿಸಿ, ಸುಲೈಮಾನಿ ಚಹಾ ಹಿಡಿದು ಕೂತ ಸಭಿಕ ಶಿಖಾಮಣಿಗಳೇ! ಹಿಂದೆ ಕೂತವರು ಮುಂದೆ ಬನ್ನಿ. ಮೊಬೈಲು ಹಿಡಿದವರು ಕೆಳಗಿಡಿ. ಲೈಲಾ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವುದು ಬೇಡ ತಂಗೀ, ಮನೆಯೊಡತಿಗೆ ಮೊದಲ ಸಾಲಿನ ಕುರ್ಚಿ. ಹಫೀಝಾ, ಓದುವ ಕೆಲಸ ಎಂದಿನಂತೆ ನಿನ್ನದು. ನಿನಗೆ ಕನ್ನಡ ಅಕ್ಷರ ಮರೆಯಬಾರದೆಂದೇ ಅಲ್ಲವೇ ನಿನ್ನ ಅಪ್ಪನೂ ನಾನೂ ಈ ಕಟ್ಟಳೆ ಹಾಕಿಕೊಂಡದ್ದು? ಫೋನಿನಲ್ಲಿ ಕೆಲಸದ ಮಾತು, ಕಾಗದದಲ್ಲಿ ಕಷ್ಟಸುಖ. ಕಾಗದ ತಲುಪಿಸಲು ನಮ್ಮ ಕಂಪನಿಯ ಡ್ರೈವರ್ ಆನ್ಸೆಲ್ಮ್ ಇದ್ದಾನೆ, ಅವನಿಗೊಂದು ತಟ್ಟೆ ಬಿರಿಯಾನಿ ಇಟ್ಟಿರಬೇಕು.

ಮುಹಿಯುದ್ದೀನ್ ಬ್ಯಾರಿ, ಕೇಳು! ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಸಂಘದವರು ಯಾವ ನಾಟಕ ಆರಿಸಿದ್ದಾರೆ? ಹೇಳು ನೋಡುವ! ನೈಫ್ ಬಜಾರಿನ ಅಂಗಡಿಯ ಹಿಂದೆ ಬಟ್ಟೆಯ ಥಾನುಗಳ ಮೇಲೆ ಕೂತು ನೀನು ಬರೆದು ನಾನು ಕೂಗಿದ ಆ ಎಣ್ಣೆ ವ್ಯಾಪಾರಿಯ ನಾಟಕ! ಇಪ್ಪತ್ತೈದು ವರ್ಷವಾಯಿತು ಮಾರಾಯ. ಹಳೆಯ ಗ್ರೀಕರು ನ್ಯಾಯ ಯಾವುದು, ಸಂಪತ್ತು ಯಾಕೆ, ಸುಖಿ ಯಾರು ಎಂದು ಸಂತೆಯಲ್ಲೇ ನಿಂತು ತಕರಾರು ಮಾಡಿದ್ದನ್ನು ಒಂದು ಹರಕು ಇಂಗ್ಲಿಷ್ ಪುಸ್ತಕದಲ್ಲಿ ಓದಿ, "ಗುಣಪಾಲಾ, ಇವರು ನಮ್ಮ ಊರಿನ ಅಶ್ವತ್ಥಕಟ್ಟೆಯಲ್ಲಿ ಕೂರಬೇಕಾದವರು" ಎಂದು ಓಡಿ ಬಂದವನು ನೀನು. ತಳ ಎತ್ತರಿಸಿದ ಸೇರಿನಲ್ಲಿ ಎಣ್ಣೆ ಅಳೆದು ಶ್ರೀಮಂತನಾದ ಯವನ ವ್ಯಾಪಾರಿ ಮುಪ್ಪಿನಲ್ಲಿ ಸಂತೆಯ ಜ್ಞಾನಿಯ ಬಳಿ ಬರುತ್ತಾನೆ. "ಯಾರೂ ನೋಡಲಿಲ್ಲ, ಯಾರೂ ಹಿಡಿಯಲಿಲ್ಲ, ನಾನು ಸುಖಿಯಲ್ಲವೇ?" ಎಂದು ಕೇಳುತ್ತಾನೆ. ಆಗ ಆ ಜ್ಞಾನಿ, ಅಂದರೆ ಯಾರು, ಸಾಕ್ಷಾತ್ ಈ ಗುಣಪಾಲ, ಕೋಲು ನೆಲಕ್ಕೆ ಬಡಿದು ಗರ್ಜಿಸುತ್ತಾನೆ: "ನೋಡಿದವನೊಬ್ಬನಿದ್ದಾನೆ! ದಿನಾ ನಿನ್ನ ಬಟ್ಟಲಲ್ಲೇ ಉಣ್ಣುತ್ತಿದ್ದಾನೆ!" ಮೊನ್ನೆ ಅಭ್ಯಾಸಕ್ಕೆ ಆ ಮಾತು ಹೇಳಿದಾಗ ಹಾಲಿನ ಏಸಿ ಕೂಡ ಒಂದು ಕ್ಷಣ ನಿಂತಿತು ಎಂದರೆ ನಂಬುತ್ತೀಯಾ?

ಮತ್ತೆ ವಿಶೇಷವಿಲ್ಲ. ನಮ್ಮ ಕೆಲಸಗಾರರ ಕ್ಯಾಂಪಿನ ತಿಲಕ್, ಬೆಳ್ಮಣ್ಣಿನವನು, ಕಳೆದ ವಾರ ಸೈಟಿನಲ್ಲಿ ಮೂರನೇ ಮಾಳಿಗೆಯಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಸ್ಪತ್ರೆಯಲ್ಲಿದ್ದಾನೆ. ಕಂಪನಿಯವರು ಕಾಗದಪತ್ರ ಎಲ್ಲ ಸರಿಮಾಡಿದ್ದಾರೆ. ಜೊತೆಯಲ್ಲಿದ್ದ ಒಂಬತ್ತು ಮಂದಿಯ ಸಹಿಯನ್ನು ಕ್ಯಾಂಪ್ ಬಾಸ್ ಆಗಿ ನಾನೇ ಮುಂದೆ ನಿಂತು ಹಾಕಿಸಿದೆ. ಖಲಾಸ್.

ಮನೆಯಲ್ಲಿ ಹರಿಣಾಕ್ಷಿ, ಮಗಳು ತೃಷಾ ಎಲ್ಲರನ್ನೂ ಕೇಳಿದ್ದಾರೆ.

ಇತಿ, ರಂಗಸಿಂಹ
ಗುಣಪಾಲ


ಹಮ್ದಾನ್ ಸ್ಟ್ರೀಟ್, ಅಬುಧಾಬಿ
29 ಜೂನ್ 2024

ಪ್ರೀತಿಯ ಗುಣಪಾಲಣ್ಣನಿಗೆ,

ಸಲಾಂ. ನಿನ್ನ ಕಾಗದ ಓದುವಾಗ ಹಫೀಝಾ ನಿನ್ನ ಹಾಗೆಯೇ ಕೋಲು ಬಡಿಯಲು ಹೋಗಿ ಚಹಾ ಚೆಲ್ಲಿದಳು. ಮಗ ಅರ್ಶದ್ ಕೂಡ ಕಿವಿಯಿಂದ ಆ ಬಿಳಿ ಗುಂಡಿಗಳನ್ನು ತೆಗೆದು ಕೇಳಿದ. ಏಸಿ ನಿಂತದ್ದು ನಿನ್ನ ಗರ್ಜನೆಗಲ್ಲ, ಹಾಲಿನ ಸಮಯ ಮುಗಿದರೂ ಸಂಘದವರು ಜಾಗ ಬಿಡದೆ ಇದ್ದದ್ದಕ್ಕೆ ಎಂದು ಲೈಲಾ ಹೇಳುತ್ತಾಳೆ.

ಎಲ್ಲರೂ ನಗುತ್ತಿದ್ದರು. ಕೊನೆಯ ಆರು ಸಾಲಿಗೆ ನಗು ನಿಂತಿತು. ಎರಡೂವರೆ ಪುಟದ ಕಾಗದದಲ್ಲಿ ಎಣ್ಣೆ ವ್ಯಾಪಾರಿಗೆ ಒಂದು ಪುಟ, ಆನ್ಸೆಲ್ಮನ ಬಿರಿಯಾನಿಗೆ ಒಂದು ಸಾಲು. ಸೊಂಟ ಮುರಿದ ಗಂಡಸಿಗೆ ಆರು ಸಾಲು. ಅದೂ "ವಿಶೇಷವಿಲ್ಲ" ಎಂದ ಮೇಲೆ.

"ಬಾಪಾ, ಆ ಕಾಗದ ಯಾವ ಭಾಷೆಯಲ್ಲಿತ್ತಂತೆ?" ಎಂದು ಹಫೀಝಾ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಆದರೆ ಹದಿನಾರು ವರ್ಷ ಅರಬಿ ಅರ್ಜಿಗಳ ಟೈಪಿಂಗ್ ಸೆಂಟರ್ ನಡೆಸಿದವನಿಗೆ ಗೊತ್ತಾಗುವುದಿಲ್ಲವಾ? ಅಪಘಾತದ ಹೇಳಿಕೆ ಕಚೇರಿಗೆ ಹೋಗಬೇಕಾದರೆ ಅರಬಿಯಲ್ಲೇ ಇರಬೇಕು. ಆ ಒಂಬತ್ತು ಮಂದಿಗೆ ಅದನ್ನು ಯಾರು ಓದಿ ಹೇಳಿದರು? ಹೇಳು ಅಣ್ಣ. ಒಂದು ನಕಲು ಇದ್ದರೆ ಕಳಿಸು. ನಾನೊಮ್ಮೆ ನೋಡುತ್ತೇನೆ.

ನಾಟಕದ ಬಗ್ಗೆ ಒಂದು ಮಾತು. ನೀನು ಪ್ರತಿ ಸಲವೂ ಜ್ಞಾನಿಯ ಪಾತ್ರವನ್ನೇ ಹಿಡಿದೆ. ವ್ಯಾಪಾರಿಯ ಮಾತು ನಿನಗೆ ಒಂದು ಸಾಲೂ ಬಾಯಿಪಾಠವಿಲ್ಲ. ಅದನ್ನು ಬರೆಯುವಾಗ ನನಗೆ ಕಷ್ಟವಾದದ್ದು ಅವನ ಮಾತೇ, ಮುದುಕನದ್ದಲ್ಲ. ಗರ್ಜಿಸುವುದು ಸುಲಭ.

ನಿನ್ನ
ಮುಹಿಯುದ್ದೀನ್


ಮುಹೈಸ್ನಾ
12 ಜುಲೈ 2024

ಮುಹಿಯುದ್ದೀನಾ,

ಏನಿದು! ನಾನು ವಾರ್ತೆ ಬರೆದರೆ ನೀನು ವಿಚಾರಣೆಗೆ ಕೂತೆಯಾ? ನಾನೇನು ಕಟಕಟೆಯಲ್ಲಿ ನಿಂತಿದ್ದೇನೆಯೇ? ಮೂವತ್ತೊಂದು ವರ್ಷ ಈ ಮರಳಿನಲ್ಲಿ ಬೇಯುತ್ತಿರುವವನು ನಾನು! ನಾಲ್ಕು ನೂರು ಗಂಡಸರು ಮಲಗುವ ಕ್ಯಾಂಪಿನಲ್ಲಿ ಯಾರಿಗೆ ಜ್ವರ, ಯಾರಿಗೆ ಊರಿನ ನೆನಪು, ಯಾರು ಯಾರ ಸಾಬೂನು ಕದ್ದ ಎಂದು ರಾತ್ರಿ ಹಗಲು ತಿದ್ದುವವನು ನಾನು! ತಿಲಕನಿಗೆ ಆಸ್ಪತ್ರೆಗೆ ಗಂಜಿ ಒಯ್ದವನು ಯಾರು? ಅವನ ಹೆಂಡತಿಗೆ ಫೋನು ಮಾಡಿ ಸಮಾಧಾನ ಹೇಳಿದವನು ಯಾರು?

ಅದು ಸುರಕ್ಷತೆಯ ತರಗತಿಗೆ ಹಾಜರಾದವರ ಪಟ್ಟಿ. ಅಷ್ಟೇ. ಮ್ಯಾನೇಜರ್ ನಿರಂಜನ ನನಗೆ ಲಿಫ್ಟಿನಲ್ಲಿ ಸಿಕ್ಕಿ, ಕಾಗದ ಕೈಗಿಟ್ಟು, ತನ್ನ ಬಾಯಾರೆ ಹೇಳಿದ್ದು ಅದನ್ನೇ. ನಮ್ಮ ಕಡೆಯವನು, ಸುಳ್ಳು ಯಾಕೆ ಹೇಳುತ್ತಾನೆ?

ನಿನ್ನ ಸಂಶಯ ತೀರಲಿ ಎಂದು ನಕಲು ಇಟ್ಟಿದ್ದೇನೆ. ಓದು. ಓದಿ, ಕ್ಷಮೆ ಕೇಳಿ ಬರೆ. ಆ ಕಾಗದವನ್ನು ಹಫೀಝಾಳ ಕೈಗೆ ಕೊಟ್ಟು ದೊಡ್ಡ ಸ್ವರದಲ್ಲಿ ಓದಿಸಬೇಕು!

ಗುಣಪಾಲ


ಅಬುಧಾಬಿ
20 ಜುಲೈ 2024

ಅಣ್ಣ,

ಇದನ್ನು ನಾನು ಹಫೀಝಾಳಿಗೆ ಕೊಡಲಿಲ್ಲ.

ಅದು ಹಾಜರಿ ಪಟ್ಟಿ ಅಲ್ಲ. ಇರುವುದನ್ನು ಇದ್ದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ: "ಕೆಳಗೆ ಸಹಿ ಮಾಡಿದ ನಾವು ಒಂಬತ್ತು ಮಂದಿ ಕಣ್ಣಾರೆ ಕಂಡದ್ದೇನೆಂದರೆ, ತಿಲಕ್ ಎಂಬವನು ಸೂಪರ್‌ವೈಸರ್ ಬೇಡವೆಂದರೂ ಕೇಳದೆ ತನ್ನ ರಕ್ಷಣೆಯ ಬೆಲ್ಟನ್ನು ತಾನೇ ಬಿಚ್ಚಿ ಹಲಗೆಯ ಮೇಲೆ ನಡೆದನು. ಬಿದ್ದದ್ದಕ್ಕೆ ಅವನ ಹಟವೇ ಕಾರಣ, ಬೇರೆ ಯಾರ ತಪ್ಪೂ ಇಲ್ಲ."

ಒಂಬತ್ತು ಸಹಿಯ ಕೆಳಗೆ ಹತ್ತನೆಯದೊಂದು ಇದೆ. ಅದರ ಮೇಲೆ ಹೀಗಿದೆ: "ಈ ಹೇಳಿಕೆಯನ್ನು ಸಹಿದಾರರಿಗೆ ತಿಳಿಯುವ ಭಾಷೆಯಲ್ಲಿ ಪೂರ್ತಿ ಓದಿ ಹೇಳಿದವನು ನಾನು, ಅರಬಿ ಬಲ್ಲ ಗುಣಪಾಲ."

ಸಹಿ ನಿನ್ನದೇ. ಆ ಬಾಲ ಸುತ್ತಿದ 'ಲ' ನನಗೆ ಗೊತ್ತಿಲ್ಲವಾ?

ಮುಹಿಯುದ್ದೀನ್


ಮುಹೈಸ್ನಾ
30 ಆಗಸ್ಟ್ 2024

ಮುಹಿಯುದ್ದೀನಾ,

ಈ ಕಾಗದ ನಿನಗೆ ಮಾತ್ರ. ಮಕ್ಕಳ ಎದುರು ಓದಬೇಡ.

ನಲವತ್ತು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕೈ ತನ್ನಷ್ಟಕ್ಕೆ "ಮಹಾಜನರೇ" ಎಂದು ಶುರುಮಾಡುತ್ತಿತ್ತು. ಹರಿದು ಹಾಕುತ್ತಿದ್ದೆ.

ನನಗೆ ಅರಬಿ ಓದಲು ಬರುವುದಿಲ್ಲ. ನಿನಗೆ ಇದು ಗೊತ್ತಿತ್ತಾ? ಮಾತು ಬರುತ್ತದೆ. ಪೋಲೀಸಿನವರ ಹತ್ತಿರ, ತರಕಾರಿಯವನ ಹತ್ತಿರ ಗಂಟೆಗಟ್ಟಲೆ ಮಾತಾಡಬಲ್ಲೆ. ಅಕ್ಷರ ಮಾತ್ರ ಮಾಫಿ, ಒಂದೂ ಇಲ್ಲ. ಕ್ಯಾಂಪ್ ಬಾಸ್ ಆದ ಮೊದಲ ವರ್ಷ ಯಾರೋ ಒಂದು ಕಾಗದ ತಂದು, "ಅಣ್ಣಾ, ಇದು ಎಂಥ?" ಎಂದ. ಆಫೀಸಿನವರು ಮೊದಲೇ ನನಗೆ ಹೇಳಿದ್ದರು, ಹೇಳಿದ್ದನ್ನು ಕಾಗದ ಹಿಡಿದು ಹೇಳಿದೆ. ಆಗ ಅವನ ಮುಖದಲ್ಲಿ ಬಂದ ಗೌರವ ಇದೆಯಲ್ಲ, ಅದರ ರುಚಿ ಹತ್ತಿತು. ನಮ್ಮ ನಾಟಕಗಳಲ್ಲಿ ದೂತ ಬಂದು ಓಲೆ ಓದುವುದಿಲ್ಲವೇ? ಓಲೆಯಲ್ಲಿ ಏನಿರುತ್ತದೆ? ಖಾಲಿ ಹಾಳೆ. ಮಾತು ಬಾಯಿಪಾಠ, ಕಣ್ಣು ಮಾತ್ರ ಎಡದಿಂದ ಬಲಕ್ಕೆ ಓಡಬೇಕು. ಇಲ್ಲಿ ಬಲದಿಂದ ಎಡಕ್ಕೆ ಓಡಿಸಿದೆ. ಹತ್ತೊಂಬತ್ತು ವರ್ಷ.

ಆ ದಿನ ಊಟದ ಹಾಲಿನಲ್ಲಿ ಒಂಬತ್ತು ಮಂದಿಯನ್ನು ನಿಲ್ಲಿಸಿ, ಗಂಟಲು ಸರಿಮಾಡಿ, ಬೆರಳಿನಲ್ಲಿ ಸಾಲು ತೋರಿಸುತ್ತಾ ಹಿಂದಿಯಲ್ಲಿ "ಓದಿದೆ". ಎಂಥ ಓದು! ನಡುವೆ ಒಂದು ಕಡೆ ತಡವರಿಸಿ, ಕಷ್ಟದ ಶಬ್ದ ಎಂದು ಹುಬ್ಬು ಗಂಟಿಕ್ಕಿದೆ ಕೂಡ. ಅವರೆಲ್ಲ ನಂಬಿ ಸಹಿ ಹಾಕಿದರು. ತಮ್ಮ ಜೊತೆಯವನ ಮೇಲೆ ತಾವೇ ಸಾಕ್ಷಿ ಹೇಳಿದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಬೆಲ್ಟು ತಿಲಕನ ಸೊಂಟದಲ್ಲೇ ಇತ್ತಂತೆ. ಅದನ್ನು ಸಿಕ್ಕಿಸಲು ಹಗ್ಗವನ್ನೇ ಕಟ್ಟಿರಲಿಲ್ಲ. ಎಲ್ಲರೂ ನೋಡಿದವರೇ.

ಮೊನ್ನೆ ತೃಷಾ ಮೇಜಿನ ಮೇಲೆ ಆ ನಕಲು ನೋಡಿದಳು. ಹನ್ನೆರಡನೇ ಕ್ಲಾಸು, ಶಾಲೆಯಲ್ಲಿ ಅರಬಿ ಕಲಿತವಳು. ತಡೆದು ತಡೆದು ಎರಡು ಸಾಲು ಓದಿ, "ಪಪ್ಪಾ, ಡಿಡ್ ಹಿ ರಿಯಲಿ ರಿಮೂವ್ ಇಟ್?" ಎಂದಳು. ಅಂದರೆ ನನ್ನ ಮನೆಯಲ್ಲೇ ಓದುವವಳು ಇದ್ದಳು. ಕೇಳಿದರೆ ಎರಡು ನಿಮಿಷದ ಕೆಲಸ. ಮಗಳಿಗೆ ನನ್ನ ಗುಟ್ಟು ಗೊತ್ತಾದೀತೆಂದು ಕೇಳಲಿಲ್ಲ.

ನಿರಂಜನನ ಹತ್ತಿರ ಹೋದೆ. ಏಸಿ ಕೋಣೆ, ಖರ್ಜೂರ, ಅರಬರ ಗಾವಾ ಕಾಫಿ. "ಗುಣಪಾಲಣ್ಣ, ನಿಮಗೆ ಫೆಬ್ರವರಿಗೆ ಅರವತ್ತು ಅಲ್ವಾ? ವೀಸಾ ಇನ್ನೊಂದು ಮೂರು ವರ್ಷ ಮುಂದುವರಿಸುವ ಅಂತ ನಾನೇ ಬರೆದಿದ್ದೇನೆ. ಮಗಳ ಓದು ಇಲ್ಲೇ ಮುಗಿಯಲಿ. ನೀವು ಸುಮ್ಮನೆ ತಲೆಬಿಸಿ ಮಾಡ್ಬೇಡಿ ಮಾರ್ರೆ" ಎಂದ. ನಾನು ಏನು ಹೇಳಿದೆ ಗೊತ್ತೇ? "ಥ್ಯಾಂಕ್ಸ್" ಎಂದೆ. ಬಾಗಿಲ ಹೊರಗೆ ಬಂದ ಮೇಲೆ ನಿನ್ನ ವ್ಯಾಪಾರಿಯ ಮಾತು ಪೂರ್ತಿ ನೆನಪಾಯಿತು. ನನಗೆ ಬಾಯಿಪಾಠವಿಲ್ಲ ಎಂದೆಯಲ್ಲ, ಒಂದು ಅಕ್ಷರ ತಪ್ಪದೆ ಬಂತು.

ಅಕ್ಟೋಬರ್ ಏಳಕ್ಕೆ ತಿಲಕನ ವಿಚಾರಣೆ. ಕಂಪನಿಯ ಕಡೆಯಿಂದ ಆ ಒಂದೇ ಕಾಗದ. ಅದು ನಿಂತರೆ ಅವನು ತನ್ನ ತಪ್ಪಿನಿಂದ ಕುಂಟನಾದವನಾಗಿ ಬರಿಗೈಯಲ್ಲಿ ಊರಿಗೆ ಹೋಗುತ್ತಾನೆ. ನಾನು ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ. ಸುಳ್ಳು ಸಹಿ ಹಾಕಿದ್ದಕ್ಕೆ ಇನ್ನೇನಾಗುತ್ತದೋ ಗೊತ್ತಿಲ್ಲ.

ನಾನೇನು ಮಾಡಬೇಕು? ನೀನು ಹೇಳಿದ ಹಾಗೆ ಮಾಡುತ್ತೇನೆ.

ಗುಣಪಾಲ


ಅಬುಧಾಬಿ
16 ಸೆಪ್ಟೆಂಬರ್ 2024

ಅಣ್ಣ,

ನಾನು ಹೇಳುವುದಿಲ್ಲ. ನಾನು ಬರೆದು ನೀನು ಕೂಗುವುದು ನೈಫಿನ ಅಂಗಡಿಗೆ ಮುಗಿಯಿತು. ಮತ್ತೆ, ಹೇಳಲು ನಾನು ಯಾರು?

2009ರಲ್ಲಿ ನೀನು ನನ್ನನ್ನು ಕೇಳಿದ್ದೆ, "ಬ್ಯಾರಿ, ಸ್ಟೇಜ್ ಯಾಕೆ ಬಿಟ್ಟೆ?" ಎಂದು. ಗಂಟಲಿಗೆ ಆಗುವುದಿಲ್ಲ ಎಂದಿದ್ದೆ. ನೀನು ಮೂರು ತಿಂಗಳು ಜೇನು, ಕರಿಮೆಣಸು ಕಳಿಸಿದೆ. ನಾನು ತಿಂದೆ.

ಆ ವರ್ಷ ಒಬ್ಬಳು ಹೆಂಗಸು ನನ್ನ ಸೆಂಟರಿಗೆ ಬಂದಿದ್ದಳು. ಜೋಸ್ಫಿನ್, ಕಿನ್ನಿಗೋಳಿ ಕಡೆಯವಳು, ಮನೆಗೆಲಸಕ್ಕೆ ಬಂದವಳು. ಜೊತೆಗೆ ಅವಳ ಯಜಮಾನನ ಮನುಷ್ಯ. ಅವನು ಹೇಳಿದ್ದನ್ನು ನಾನು ಅರಬಿಯಲ್ಲಿ ಟೈಪ್ ಮಾಡಿದೆ: ನನಗೆ ಈ ಮನೆಯಲ್ಲಿ ಯಾವ ತೊಂದರೆಯೂ ಆಗಿಲ್ಲ, ನನ್ನ ಇಷ್ಟದಿಂದಲೇ ಕೆಲಸ ಬಿಟ್ಟು ಹೋಗುತ್ತಿದ್ದೇನೆ. ಅವಳ ಎರಡೂ ಮುಂಗೈಯಲ್ಲಿ ಇಸ್ತ್ರಿ ಪೆಟ್ಟಿಗೆಯ ಗುರುತಿತ್ತು. ಅವಳು ನನ್ನ ಬೋರ್ಡಿನಲ್ಲಿ ಕನ್ನಡ ಅಕ್ಷರ ನೋಡಿ ಧೈರ್ಯ ಮಾಡಿದಳು. "ಎಂಥ ಬರೆದುಂಟು ಅಣ್ಣ?" ಎಂದು ಕೇಳಿದಳು. "ಸಾದಾ ಕಾಗದ ತಂಗೀ, ಸಹಿ ಮಾಡು" ಎಂದೆ.

ಅಂಗಡಿ ಹೊಸತು. ಆ ಮನುಷ್ಯ ತಿಂಗಳಿಗೆ ಐವತ್ತು ಗಿರಾಕಿ ಕಳಿಸುವವನು. ಯಾರೂ ನೋಡಲಿಲ್ಲ, ಯಾರೂ ಹಿಡಿಯಲಿಲ್ಲ. ನಿನಗೆ ಓದಲು ಬರುವುದಿಲ್ಲ ಗುಣಪಾಲಣ್ಣ. ನನಗೆ ಬರುತ್ತಿತ್ತು.

ಇವತ್ತು ನನಗೆ ಮೂರು ಅಂಗಡಿ. ಆ ಗ್ರೀಕರು ಸುಖ ಎಂದರೆ ಒಂದು ದಿನದ ಖುಷಿ ಅಲ್ಲ, ಇಡೀ ಬಾಳು ಹೇಗೆ ನಡೆಯಿತು ಎಂಬ ಲೆಕ್ಕ ಅನ್ನುತ್ತಿದ್ದರು. ಅನ್ಯಾಯ ಉಂಡವನಿಗಿಂತ ಅದನ್ನು ಮಾಡಿದವನೇ ಹೆಚ್ಚು ದುಃಖಿ ಎಂದು ವಾದಿಸುತ್ತಿದ್ದರು. ಹುಡುಗಾಟದಲ್ಲಿ ಅದನ್ನು ನಾಟಕಕ್ಕೆ ಹಾಕಿದೆ. ಅದು ಪೂರ್ತಿ ನಿಜವಲ್ಲ ಅಣ್ಣ. ಜೋಸ್ಫಿನ್ ನನಗಿಂತ ಹೆಚ್ಚು ಅನುಭವಿಸಿರುತ್ತಾಳೆ, ಅದರಲ್ಲಿ ಸಂಶಯವಿಲ್ಲ. ಆದರೆ ಅವಳು ತನ್ನ ಹೆಸರು ನೆನೆಸಿಕೊಂಡು ನಾಚಬೇಕಾಗಿಲ್ಲ. ನಾನು ಹದಿನೈದು ವರ್ಷದಿಂದ ಅವಳನ್ನು ಹುಡುಕುತ್ತಿದ್ದೇನೆ, ಸಿಗಲಿಲ್ಲ. ನಿನಗೆ ತಿಲಕ್ ಇರುವ ಆಸ್ಪತ್ರೆ ಗೊತ್ತು, ವಾರ್ಡು ಗೊತ್ತು, ತಾರೀಕು ಗೊತ್ತು.

ಜೋಸ್ಫಿನಳ ವಿಷಯ ಬರೆದದ್ದನ್ನು ಕಳೆದ ವಾರವೇ ಮನೆಯವರಿಗೆ ಓದಿ ಹೇಳಿದ್ದೇನೆ, ನಿನ್ನದನ್ನಲ್ಲ; ಓದಿದ್ದು ಹಫೀಝಾ ಅಲ್ಲ, ನಾನೇ. ಲೈಲಾ ಎರಡು ದಿನ ಮಾತಾಡಲಿಲ್ಲ.

ಮುಹಿಯುದ್ದೀನ್


ಮುಹೈಸ್ನಾ
6 ಅಕ್ಟೋಬರ್ 2024

ಪ್ರೀತಿಯ ಮುಹಿಯುದ್ದೀನ್,

ಲೈಲಾ ಈಗ ಮಾತಾಡುತ್ತಾಳಾ?

ಇವತ್ತು ಆದಿತ್ಯವಾರ. ಮಧ್ಯಾಹ್ನ ಊಟದ ಹಾಲಿನಲ್ಲಿ ಆ ಒಂಬತ್ತು ಮಂದಿಯನ್ನು ಕರೆದೆ. ಒಂಬತ್ತು ಮಂದಿಯನ್ನು ಕರೆದರೆ ಅರವತ್ತು ಮಂದಿ ಬಂದು ಕೂತರು, ಗುಣಪಾಲಣ್ಣ ಏನೋ ಹೇಳುತ್ತಾನಂತೆ ಎಂದು. ನನಗೆ ಜನ ಕೂಡಿದರೆ ಸ್ವರ ಏರುವುದು ರೂಢಿ. ಇವತ್ತು ಏರಲಿಲ್ಲ. ಹಿಂದಿನ ಬೆಂಚಿನವರು "ಜೋರಾಗಿ ಹೇಳಿ" ಎಂದು ಕೂಗಿದರು.

"ನನಗೆ ಅರಬಿ ಓದಲು ಬರುವುದಿಲ್ಲ" ಎಂದೆ.

ಮೊದಲು ನಕ್ಕರು. ನಾಟಕದ ಮಾತು ಎಂದುಕೊಂಡರು. ಆಮೇಲೆ ಕಾಗದದಲ್ಲಿ ಇರುವುದನ್ನು ಹೇಳಿದೆ. ಬಜ್ಪೆಯ ರೋಷನ್, ಒಂಬತ್ತರಲ್ಲಿ ಒಬ್ಬ, ತಿಲಕನ ಮೇಲಿನ ಬಂಕಿನಲ್ಲಿ ಮಲಗುವವನು, ಅನ್ನದ ತಟ್ಟೆ ಹಿಡಿದುಕೊಂಡೇ ಎದ್ದು ಬಂದ.

"ಅಂದ್ರೆ ನಾನು ಹಾಕಿದ ಸಹಿ ತಿಲಕನ ಮೇಲಾ?"

"ಹೌದು."

"ಮೊನ್ನೆ ಆಸ್ಪತ್ರೆಯಲ್ಲಿ ನಾನು ಅವನಿಗೆ ಅನ್ನ ತಿನಿಸಿದೆ ಗುಣಪಾಲಣ್ಣ. ಅವನು ಹೇಳಿದ, ನೀವೆಲ್ಲ ಇದ್ದೀರಲ್ಲ, ನನಗೆ ಎಂಥ ಹೆದರಿಕೆ ಅಂತ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಬೇಕಿತ್ತು. ಅವನು ತಟ್ಟೆ ಕೆಳಗಿಟ್ಟು ಇನ್ನೊಂದು ಪ್ರಶ್ನೆ ಕೇಳಿದ. ನನಗೆ ಅದು ಹೊಳೆದೇ ಇರಲಿಲ್ಲ ಮಾರಾಯ. ನಾನು ತಿಲಕನ ಒಂದು ಕಾಗದವನ್ನೇ ನೆನೆದು ಎರಡು ತಿಂಗಳು ಬೆಂದವನು.

"ಮತ್ತೆ ಬಾಕಿ ಕಾಗದ?"

ಯಾರೋ ಒಬ್ಬ ಎದ್ದು ಹೋದ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಬೆಂಚುಗಳೆಲ್ಲ ಸರಿದವು. ಎಲ್ಲರೂ ತಮ್ಮ ತಮ್ಮ ಕೋಣೆಗೆ ಓಡಿದರು. ಸೂಟ್‌ಕೇಸಿನ ಅಡಿಯಿಂದ, ದಿಂಬಿನ ಕವರಿನಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನ ಮಾಡಿದ್ದ ಕಾಗದಗಳನ್ನು ತಂದು ಮೇಜಿನ ಮೇಲೆ ಹಾಕಿದರು. ನಾನು ಓದಿ ಹೇಳಿದವು. ಇದು ರಜೆಯ ಅರ್ಜಿ ಎಂದದ್ದು, ಇದು ವಿಮೆ ಎಂದದ್ದು, ಇದಕ್ಕೆ ಸುಮ್ಮನೆ ಸಹಿ ಹಾಕು ಎಂದದ್ದು. ನೂರಕ್ಕೂ ಹೆಚ್ಚು. ಒಬ್ಬ ಬಿಹಾರದವನು, ವಯಸ್ಸಾದವನು, ಹನ್ನೊಂದು ವರ್ಷದ ಹಿಂದಿನ ಕಾಗದ ಬಿಡಿಸಿ ಹಿಡಿದು, "ಚಾಚಾ, ಇದರಲ್ಲಿ ಏನಿದೆ?" ಎಂದ. ನೋಡಿದೆ. ಹುಳು ಹರಿದ ಹಾಗೆ ಕಂಡಿತು. "ಗೊತ್ತಿಲ್ಲಪ್ಪ" ಎಂದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಆ ಹಾಲಿನಲ್ಲಿ ಆ ಮಾತು ಹೇಳಿದ್ದು ಮೊದಲ ಸಲ. ಅದನ್ನೇ ಸಂಜೆಯವರೆಗೆ ಒಬ್ಬೊಬ್ಬನಿಗೂ ಹೇಳಿದೆ.

ಆ ಕಾಗದಗಳ ಕಟ್ಟನ್ನು ಆನ್ಸೆಲ್ಮ್ ಕೈಯಲ್ಲಿ ನಿನಗೆ ಕಳಿಸುತ್ತಿದ್ದೇನೆ. ಒಂದೊಂದರ ಮೇಲೂ ಹೆಸರು, ಕೋಣೆ ನಂಬರು ಬರೆದಿದ್ದೇವೆ. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸು. ಯಾವುದನ್ನೂ ಸಾದಾ ಕಾಗದ ಎನ್ನಬೇಡ.

ತಿಲಕನನ್ನು ನಿನ್ನೆ ನೋಡಿದೆ. ಎಲ್ಲ ಹೇಳಿದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಕ್ಷಮಿಸು ಎಂದು ಕೇಳಲಿಲ್ಲ, ಕೇಳುವುದಕ್ಕೆ ಅದು ಹೊತ್ತಲ್ಲ. ನಿರಂಜನನಿಗೂ ಹೇಳಿ ಬಂದೆ. "ನಿಮ್ಮ ಖುಷಿ" ಎಂದ, ಕುರ್ಚಿಯಿಂದ ಏಳಲಿಲ್ಲ. ಸಂಘಕ್ಕೆ ಫೋನು ಮಾಡಿ ಪಾತ್ರ ಬೇರೆಯವರಿಗೆ ಕೊಡಿ ಎಂದೆ. ತೃಷಾ ತನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಳೆ. ಅಳುತ್ತಾಳೆ, ತುಂಬುತ್ತಾಳೆ. ಹರಿಣಾಕ್ಷಿ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ, "ಹೋಗುವುದಾದರೆ ಊರಿಗೆ ಹೋಗುವ, ಅದಕ್ಕೆ ನನ್ನದೇನಿಲ್ಲ. ಆದರೆ ನಾಳೆ ಅಧಿಕಾರಿ ಎದುರು ನೀವು ನಾಟಕ ಮಾಡ್ಬೇಡಿ" ಎಂದಳು.

ಒಂಬತ್ತರಲ್ಲಿ ಆರು ಮಂದಿ ಬರುತ್ತೇವೆ ಎಂದಿದ್ದಾರೆ. ಮೂವರು ಹೆದರಿದ್ದಾರೆ, ಅವರದ್ದು ತಪ್ಪಲ್ಲ. ಕಂಪನಿಯ ವ್ಯಾನು ಬೇಡ. ನಾಳೆ ಬೆಳಿಗ್ಗೆ ಆರಕ್ಕೆ ಕ್ಯಾಂಪಿನ ಗೇಟಿನ ಹೊರಗೆ ನಿಂತು ಅವರ ಜೊತೆ ಬಸ್ಸು ಹತ್ತುತ್ತೇನೆ. ಎಂಟೂವರೆಗೆ ವಿಚಾರಣೆ ಶುರು. ಒಳಗೆ ಹೋಗಿ ಆ ಹತ್ತನೆಯ ಸಹಿ ನನ್ನದು ಎಂದು ತೋರಿಸುತ್ತೇನೆ. ಅವರು ಆ ಹಾಳೆಯನ್ನು ನನ್ನ ಕೈಗೆ ಕೊಟ್ಟು ಓದು ಎನ್ನುತ್ತಾರೆ. ಎಲ್ಲರ ಎದುರು ಅದನ್ನು ಹಿಡಿದುಕೊಂಡು ಬಾಯಿ ಮುಚ್ಚಿ ನಿಲ್ಲುತ್ತೇನೆ.

ನಿನ್ನ
ಗುಣಪಾಲ